ಕೆರೆದಂಡೆಯಲ್ಲಿ ಹದಿನಾಲ್ಕರ ಲೆಕ್ಕ

ಆ ಬೀದಿಯಲ್ಲಿ ಸಿಸ್ಟರ್ ಅಂದರೆ ಒಬ್ಬಳೇ. ಗಂಡನ ಅಣ್ಣನೂ ಅವಳನ್ನು ಸಿಸ್ಟರ್ ಅನ್ನುತ್ತಿದ್ದ, ಆ ಅಣ್ಣನ ಮೊಮ್ಮಗಳೂ ಸಿಸ್ಟರ್ ಅನ್ನುತ್ತಿದ್ದಳು. ಮೂವತ್ತೊಂದು ವರ್ಷ ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ನರ ಕೈಗೆ ಕತ್ತರಿ, ಚಿಮಟ, ಸೂಜಿ ಕೊಡುತ್ತ ನಿಂತವಳು. ಕೊಡುವುದು ಅರ್ಧ ಕೆಲಸ. ಕೊಟ್ಟದ್ದನ್ನೆಲ್ಲ ಎಣಿಸಿ ವಾಪಸು ಪಡೆಯುವುದು ಉಳಿದರ್ಧ. ಹೊಟ್ಟೆಯೊಳಗೆ ಹೋದದ್ದೆಲ್ಲ ಹೊರಗೆ ಬಂದಿದೆ ಎಂದು ಅವಳು ತಲೆಯಾಡಿಸದೆ ಯಾರೂ ಹೊಲಿಗೆ ಹಾಕುವಂತಿರಲಿಲ್ಲ. ಒಮ್ಮೆ ಒಂದೇ ಒಂದು ಹತ್ತಿಯ ಉಂಡೆ ಲೆಕ್ಕಕ್ಕೆ ಸಿಗದೆ ಇಡೀ ಥಿಯೇಟರನ್ನು ನಲವತ್ತು ನಿಮಿಷ ನಿಲ್ಲಿಸಿಬಿಟ್ಟಿದ್ದಳು. ದೊಡ್ಡ ಸರ್ಜನ್ ಕೂಗಾಡಿದ, ನೆಲಕ್ಕೆ ಕಾಲು ಅಪ್ಪಳಿಸಿದ. ಅಪ್ಪಳಿಸಿದ ರಭಸಕ್ಕೆ ಉಂಡೆ ಅವನ ಬೂಟಿನ ಅಡಿಯಿಂದಲೇ ಹೊರಬಿತ್ತು. ಅಂದಿನಿಂದ ಆ ಮಹಾನುಭಾವ ಪ್ರವಾಸಕ್ಕೆ ಹೊರಟರೆ ಹೆಂಡತಿಯನ್ನೂ ಎರಡು ಸಲ ಎಣಿಸಿ ಕಾರು ಹತ್ತಿಸುತ್ತಿದ್ದನಂತೆ.

ಮನೆಯಲ್ಲೂ ಅದೇ ಶಿಸ್ತು. ಅವಳ ಅಡುಗೆಮನೆಯಲ್ಲಿ ಇರುವೆಗಳು ಕೂಡ ಎಡಬದಿಯಲ್ಲೇ ಹೋಗುತ್ತವೆ, ತಿರುವು ಬಂದರೆ ಕೈ ತೋರಿಸುತ್ತವೆ ಎಂದು ಗಂಡ ಆಣೆಯಿಟ್ಟು ಹೇಳುತ್ತಿದ್ದ. ಅವನ ಮಾತಿಗೆ ಅಷ್ಟು ಬೆಲೆ ಕೊಡಬೇಕಾಗಿಲ್ಲ. ಅದೇ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸಿದವನು. ಎದ್ದರೆ ಬಿದ್ದರೆ ಆತುರ. ಎಲ್ಲರೂ ಅವನನ್ನು ಡ್ರೈವರ್ ಎನ್ನುತ್ತಿದ್ದರು. ಕನ್ನಡಕ ಹುಡುಕಲು ಇನ್ನೊಂದು ಕನ್ನಡಕ ಇಟ್ಟುಕೊಂಡಿದ್ದ, ಅದನ್ನು ಹುಡುಕಲು ಹೆಂಡತಿಯನ್ನು ಇಟ್ಟುಕೊಂಡಿದ್ದ.

ಮೀನಿನ ಹುಚ್ಚು ಮೊದಲು ಅವನದು. ಊರಾಚೆ ಒಂದು ಕೆರೆ. ಅದರಲ್ಲಿ ಗೆಂಡೆ ಮೀನು, ಎಮ್ಮೆಯ ಕರುವಿನಷ್ಟು ದಪ್ಪ ಎಂದು ಹಿಡಿದವರು ಹೇಳುತ್ತಾರೆ, ಹಿಡಿಯದವರು ಎಮ್ಮೆಯಷ್ಟೇ ಎನ್ನುತ್ತಾರೆ. ಹಿಡಿದದ್ದನ್ನು ತೂಗಿ, ಗಾಯಕ್ಕೆ ಮದ್ದು ಹಚ್ಚಿ, ಜೀವಂತ ನೀರಿಗೆ ಬಿಡಬೇಕೆನ್ನುವುದು ಅಲ್ಲಿನ ಕಟ್ಟಳೆ. ಕೆಲಸ ಬಿಟ್ಟ ಹೊಸತರಲ್ಲಿ ಸಿಸ್ಟರ್ ಒಂದು ಮಧ್ಯಾಹ್ನ ಗಂಡನಿಗೆ ಊಟದ ಡಬ್ಬಿ ಒಯ್ದಳು. ಹೋಗಿ ನೋಡಿದರೆ, ಒಂದು ಮೀನು ಬರಿ ಹುಲ್ಲಿನ ಮೇಲೆ ಒದ್ದಾಡುತ್ತಿದೆ. ಡ್ರೈವರ್ ನಾಲ್ಕು ಚೀಲ ಬೋರಲು ಹಾಕಿ ಗಾಳ ಬಿಡಿಸುವ ಚಿಮಟ ಹುಡುಕುತ್ತಿದ್ದಾನೆ. ಚಿಮಟ ಸಿಕ್ಕಿದ್ದು ಬ್ರೆಡ್ಡಿನ ಪೊಟ್ಟಣದಲ್ಲಿ.

"ಪೇಷೆಂಟನ್ನ ಟೇಬಲ್ ಮೇಲೆ ಹಾಕಿದ್ಮೇಲೆ ಸಾಮಾನು ಹುಡುಕ್ತಾರೇನ್ರೀ?" ಎಂದಳು.

"ಇದು ಮೀನು ಕಣೇ."

"ಮೀನಿಗೇನು ಉಸಿರು ಸಾಲಕ್ಕೆ ಬರುತ್ತಾ?"

ಮಾರನೆಯ ವಾರ ಗಂಡನ ಜೊತೆ ತಾನೂ ಹೋದಳು. ಆರು ತಿಂಗಳಲ್ಲಿ ಅವಳದೇ ಗಾಳದ ಕೋಲು, ಅವಳದೇ ಜಾಗ. ಡ್ರೈವರ್ ಹನ್ನೆರಡು ಮಾರು ದೂರ, ತನ್ನ ಚೀಲಗಳ ತಿಪ್ಪೆಯ ನಡುವೆ ಗಡೀಪಾರಾದ.

ಅವಳ ಜಾಗ ನೋಡಬೇಕಿತ್ತು. ನೆಲದ ಮೇಲೆ ಹಸಿರು ಬಟ್ಟೆ, ಅಂಚು ನೀರಿಗೆ ನೇರ. ಬಟ್ಟೆಯ ಮೇಲೆ ಹದಿನಾಲ್ಕು ಸಾಮಾನು, ಬಳಸುವ ಕ್ರಮದಲ್ಲಿ ಎಡದಿಂದ ಬಲಕ್ಕೆ: ದಾರದ ಉಂಡೆ, ಗಾಳದ ಡಬ್ಬಿ, ಸೀಸದ ಗುಂಡು, ಹೀಗೆ ಸಾಗಿ ಬಲತುದಿಯಲ್ಲಿ ತಕ್ಕಡಿ, ಗಾಯದ ಮದ್ದು, ಎರಡು ಕ್ಲಾಂಪು. ಕ್ಲಾಂಪು ಎಂದರೆ ಕತ್ತರಿಯಂತೆ ಕಂಡರೂ ಕತ್ತರಿಸದೆ ಕಚ್ಚಿ ಹಿಡಿಯುವ ಉಕ್ಕಿನ ಚಿಮಟ. ಹಿಡಿ ಒತ್ತಿದರೆ ಕಟಕ್ಕೆಂದು ಹಲ್ಲು ಕೂತು, ಬಿಡಿಸುವ ತನಕ ಬಿಡುವುದಿಲ್ಲ. ಒಂದು ನೇರ, ಇನ್ನೊಂದು ಕೊಕ್ಕಿನಂತೆ ಬಾಗಿದ್ದು. ಎರಡೂ ಥಿಯೇಟರಿನವರು ಅವಳ ಬೀಳ್ಕೊಡುಗೆಗೆ ಕೊಟ್ಟವು, ಹಿಡಿಯ ಮೇಲೆ ಕೆಂಪು ಪಟ್ಟಿ. ಪಕ್ಕದಲ್ಲಿ ಮೀನು ಮಲಗಿಸುವ ಮೆತ್ತನೆಯ ಹಾಸು, ಸದಾ ಒದ್ದೆ. ಬಕೆಟ್ಟು ತುಂಬ ಕೆರೆನೀರು. ಬಲೆ ನೆನೆದು ಕಾಯುತ್ತಿರಬೇಕು. ಮಡಚುವ ಕುರ್ಚಿಯ ಬೆನ್ನಿಗೆ ಒಂದು ಸ್ಲೇಟು. ಬೆಳಿಗ್ಗೆ ಎಣಿಸಿ ಅದರಲ್ಲಿ 14 ಎಂದು ಬರೆದ ಮೇಲೆಯೇ ಗಾಳ ನೀರಿಗೆ. ಎದ್ದು ಹೊರಡುವಾಗ ಮತ್ತೆ ಎಣಿಕೆ. ದಡದ ಕಪ್ಪೆಗಳು ಅವಳು ಬಂದರೆ ಸಾಲಾಗಿ ಕೂರುತ್ತಿದ್ದವು, ತಮ್ಮನ್ನೂ ಎಲ್ಲಿ ಲೆಕ್ಕಕ್ಕೆ ಸೇರಿಸುತ್ತಾಳೋ ಎಂದು.

ನಗುವುದು ಸುಲಭ. ಆದರೆ ಆ ಹೆಂಗಸಿನ ಎದೆಯಲ್ಲಿ ಎರಡು ವರ್ಷದಿಂದ ಒಂದು ಮುಳ್ಳು ಕೂತಿತ್ತು. ನೌಕರಿಯ ಕೊನೆಯ ವಾರ, ಒಂದು ಸಾಧಾರಣ ಆಪರೇಷನ್ನಿನಲ್ಲಿ, ಅವಳು ಒಂದೇ ಕ್ಲಾಂಪನ್ನು ಎರಡು ಸಲ ಎಣಿಸಿದ್ದಳು. ಪಕ್ಕದಲ್ಲಿದ್ದ ಕಿರಿಯ ನರ್ಸು ಮೆಲ್ಲಗೆ, "ಸಿಸ್ಟರ್, ಅದು ಆಗಲೇ ಆಯ್ತು," ಎಂದಳು. ಕಳೆದದ್ದು ಟವೆಲಿನ ಮಡಿಕೆಯಲ್ಲಿ ಸಿಕ್ಕಿತು. ಯಾರಿಗೂ ಏನೂ ಆಗಲಿಲ್ಲ, ಯಾರೂ ಮಾತು ಬೆಳೆಸಲಿಲ್ಲ. ಆದರೆ ಸಿಸ್ಟರಿಗೆ ತಾಯಿಯ ನೆನಪಾಯಿತು. ಆ ತಾಯಿ ಬೀಗದ ಕೈಯನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟು ಮರೆತಳು, ಆಮೇಲೆ ಡಬ್ಬಿ ಯಾವುದೆಂದು ಮರೆತಳು, ಆಮೇಲೆ ಮಗಳು ಯಾರೆಂದು ಮರೆತಳು. ಶುರುವಾದದ್ದು ಸಿಸ್ಟರಿಗೆ ಈಗಿರುವ ವಯಸ್ಸಿನಲ್ಲೇ. ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಪ್ರತಿ ಸಂಜೆ ಹಸಿರು ಬಟ್ಟೆಯ ಮೇಲೆ ಹದಿನಾಲ್ಕು ಸರಿಯಾಗಿ ಕೂತಾಗ, ಇವತ್ತಿಗೆ ಬಚಾವು, ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದಳು.

ಅಂಥ ಒಂದು ಮಧ್ಯಾಹ್ನ ದೊಡ್ಡತ್ತೆ ಸಿಕ್ಕಿತು.

ದೊಡ್ಡತ್ತೆ ಎಂದರೆ ಆ ಕೆರೆಯ ಅತಿ ಹಿರಿಯ ಗೆಂಡೆ. ಸೊಂಟ ದಪ್ಪ, ಮೂತಿ ಸದಾ ಊದಿಕೊಂಡದ್ದು, ಯಾರು ಏನು ಬಡಿಸಿದರೂ ಮೊದಲು ಮೂಸಿ ನೋಡಿ ಹೆಸರಿಟ್ಟೇ ತಿನ್ನುವುದು; ಹೆಸರು ಹೇಗೆ ಬಂತೆಂದು ಬಿಡಿಸಿ ಹೇಳಬೇಕಿಲ್ಲ. ದಡಕ್ಕೆ ತರಲು ಅರ್ಧ ಗಂಟೆ ಹಿಡಿಯಿತು. ಅದರ ಎಳೆತಕ್ಕೆ ಕೆರೆ ನಾಲ್ಕಂಗುಲ ಆ ಕಡೆಗೆ ವಾಲಿತು ಎಂದು ಡ್ರೈವರ್ ಇಂದಿಗೂ ಹೇಳುತ್ತಾನೆ. ಬಲೆ ಹಿಡಿದವನು ಅವನೇ. ಹಾಸಿನ ಮೇಲೆ ಮಲಗಿಸಿದರು, ಸಿಸ್ಟರ್ ನೀರು ಹನಿಸಿದಳು, ನೇರ ಕ್ಲಾಂಪಿನಿಂದ ತನ್ನ ಗಾಳ ಬಿಡಿಸಿದಳು. ಆಗ ಕಂಡಿತು: ಬಾಯಿಯ ಮೂಲೆಯಿಂದ ಒಂದು ಗೇಣು ನೀಲಿ ದಾರ ಜೋತಿದೆ, ಒಳಗೆ ಗಂಟಲ ಹತ್ತಿರ ಯಾರದೋ ಹಳೇ ಗಾಳ.

"ಯಾರೋ ಒಳಗೇ ಬಿಟ್ಟು ಹೊಲಿಗೆ ಹಾಕಿದಾರೆ," ಎಂದಳು. ಅವಳಿಗೆ ಅದನ್ನು ಬಿಟ್ಟು ಏಳುವುದು ಸಾಧ್ಯವೇ ಇರಲಿಲ್ಲ.

ಬಾಗಿದ ಕ್ಲಾಂಪೇ ಅದಕ್ಕೆ ತಕ್ಕದ್ದು. ಒಳಗೆ ಇಳಿಸಿದಳು, ಗಾಳ ಸಿಕ್ಕಿತು, ಕಟಕ್ಕೆಂದಿತು. ಅಷ್ಟರಲ್ಲಿ ದೊಡ್ಡತ್ತೆ ಮೈ ಝಾಡಿಸಿತು. ಬಕೆಟ್ಟು ಉರುಳಿತು, ಹಸಿರು ಬಟ್ಟೆ ಮುದುಡಿತು, ಡ್ರೈವರನ ಟೊಪ್ಪಿಗೆ ನೀರಿಗೆ ಹೋಯಿತು. "ಸಾಕು ಬಿಡೇ, ಉಸಿರು ಕಟ್ಟುತ್ತೆ ಅದಕ್ಕೆ," ಎಂದ ಅವನು. ಇಬ್ಬರೂ ಹಾಸನ್ನೇ ಎತ್ತಿ ನೀರಿಗಿಳಿಸಿದರು. ದೊಡ್ಡತ್ತೆ ಒಂದು ಸಲ ಬಾಲ ಬೀಸಿ ಮಾಯವಾಯಿತು.

ಸಿಸ್ಟರ್ ಬಟ್ಟೆ ಸರಿಪಡಿಸಿ ಸಾಮಾನು ಜೋಡಿಸಿ ಎಣಿಸಿದಳು. ಹದಿಮೂರು. ಬಲದಿಂದ ಎಡಕ್ಕೆ ಎಣಿಸಿದಳು. ಹದಿಮೂರು. ಬಾಗಿದ ಕ್ಲಾಂಪು ಇಲ್ಲ.

ಸ್ಲೇಟಿನ ಮೇಲೆ ಅವಳದೇ ದುಂಡಗಿನ ಅಕ್ಷರದಲ್ಲಿ 14 ಕೂತು ನೋಡುತ್ತಿತ್ತು.

ಮೂರು ಗಂಟೆ ಹುಡುಕಿದರು. ಹುಲ್ಲನ್ನು ಜಡೆ ಬಿಡಿಸಿದ ಹಾಗೆ ಬಿಡಿಸಿದರು. ದಡದ ನೀರಿನಲ್ಲಿ ಡ್ರೈವರ್ ಮೊಣಕಾಲುದ್ದ ಇಳಿದು ಕಾಲಲ್ಲಿ ಕೆಸರು ಸವರಿದ. ಅವನ ಚೀಲಗಳನ್ನೂ ಜಾಲಾಡಿದರು, ಎಂಟು ವರ್ಷದಿಂದ ಕಾಣೆಯಾಗಿದ್ದ ಮೂರು ವಸ್ತು ಸಿಕ್ಕಿದವು, ಕ್ಲಾಂಪು ಮಾತ್ರ ಇಲ್ಲ. ಗೇಟು ಹಾಕುವ ಹೊತ್ತಿಗೆ ಕೆರೆ ಕಾವಲಿನವನು ಬಂದ. ಸಣಕಲು ಮನುಷ್ಯ, ತನ್ನ ನೆರಳಿಗಿಂತ ತೆಳ್ಳಗೆ.

"ಆಯ್ತೇನ್ರಮ್ಮಾ, ಬೀಗ ಹಾಕ್ಬೇಕು."

"ಹಾಕೋ ಹಾಗಿಲ್ಲ. ಲೆಕ್ಕ ಸರಿಹೋಗಿಲ್ಲ."

"ಏನು ಕಳ್ಕೊಂಡ್ರಿ?"

"ಕಳ್ಕೊಂಡಿಲ್ಲ," ಎಂದಳು ಸಿಸ್ಟರ್. ಅವಳ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. "ಎಲ್ಲಿದೆ ಅಂತ ಗೊತ್ತು. ನಿಮ್ಮ ದೊಡ್ಡತ್ತೆ ಬಾಯಲ್ಲಿದೆ. ನಾನೇ ಕಚ್ಚಿಸಿದ್ದು. ಅದು ತಾನಾಗಿ ಬಿಡೋದಿಲ್ಲ. ಬಾಯಿ ಮುಚ್ಚೋಕಾಗಲ್ಲ, ತಿನ್ನೋಕಾಗಲ್ಲ. ಸಾಯುತ್ತೆ."

ಕಾವಲಿನವನು ತಮಾಷೆಗೆಂದು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಆ ಮೀನು ಅವನಿಗೆ ಸ್ವಂತ ಅತ್ತೆಗಿಂತ ಹೆಚ್ಚು. ಬೆಳಿಗ್ಗೆ ತನ್ನ ಗುಡಿಸಿಲ ಮುಂದಿನ ಮೆಟ್ಟಿಲಲ್ಲಿ ಕೂತು ಬ್ರೆಡ್ಡಿನ ಚೂರು ಹಾಕಿದರೆ ಅದು ಮೇಲೆ ಬಂದು ತಿನ್ನುತ್ತಿತ್ತು. "ಸಿಕ್ಕಾಕ್ಕೊಂಡು ಬಿಟ್ಮೇಲೆ ಅದು ಒಂದೆರಡು ದಿನ ಮುನಿಸ್ಕೊಳ್ಳುತ್ತೆ," ಎಂದ. "ಬೆಳಿಗ್ಗೆ ಬನ್ನಿ, ನೋಡೋಣ."

ಅಂದು ಮನೆಗೆ ಹೋಗುವಾಗ ಡ್ರೈವರ್ ಕೂಡ ನಿಧಾನಕ್ಕೆ ಗಾಡಿ ಓಡಿಸಿದ.

ಮಾರನೆಯ ಬೆಳಿಗ್ಗೆ ಹೋದರು. ಬ್ರೆಡ್ಡು ತೇಲಿತು, ಸಣ್ಣ ಮೀನುಗಳು ಮದುವೆಯೂಟಕ್ಕೆ ಕರೆಯದೆ ಬಂದವರ ಹಾಗೆ ಮುತ್ತಿದವು. ದೊಡ್ಡತ್ತೆ ಬರಲಿಲ್ಲ. ಹತ್ತಕ್ಕೆ ಬರಲಿಲ್ಲ, ಹನ್ನೊಂದಕ್ಕೂ ಬರಲಿಲ್ಲ. ನೀರಿನ ಮೇಲೆ ಎಲ್ಲಾದರೂ ಬಿಳಿ ಹೊಟ್ಟೆ ತೇಲಿದ ಹಾಗೆ ಕಂಡರೆ ಸಿಸ್ಟರ್ ಎದ್ದು ನಿಲ್ಲುತ್ತಿದ್ದಳು. ನೋಡಿದರೆ ಪ್ಲಾಸ್ಟಿಕ್ ಚೀಲ.

ಮಧ್ಯಾಹ್ನ ಡ್ರೈವರ್ ಪೇಟೆಗೆ ಹೋಗಿಬರುತ್ತೇನೆಂದು ಹೋದ. ಬಂದವನು ತನ್ನ ಜಾಗದ ಹತ್ತಿರ ಬಗ್ಗಿ, ಹುಲ್ಲಿನಲ್ಲಿ ಕೈಯಾಡಿಸಿ, "ಲೇ, ಸಿಕ್ತು ನೋಡೇ. ಇಲ್ಲೇ ಬಿದ್ದಿತ್ತು, ನಮ್ಮ ಕಣ್ಣಿಗೆ ಮಣ್ಣೆರಚಿ," ಎಂದ. ಅವನ ಕೈಯಲ್ಲಿ ಬಾಗಿದ ಕ್ಲಾಂಪು ಪಳಪಳ ಹೊಳೆಯುತ್ತಿತ್ತು.

ಸಿಸ್ಟರ್ ತೆಗೆದುಕೊಂಡು ತಿರುಗಿಸಿ ನೋಡಿದಳು. ಹಿಡಿ ಒತ್ತಿ ಬಿಟ್ಟಳು.

"ಕೆಂಪು ಪಟ್ಟಿ ಎಲ್ಲಿ?"

"ಒರೆಸಿ ಹೋಗಿರುತ್ತೆ. ಇಬ್ಬನಿ ಅಲ್ವಾ."

"ಉಕ್ಕಿನ ಮೇಲೆ ಕೊರೆದು ತುಂಬಿದ ಬಣ್ಣ, ಒಂದು ದಿನದ ಇಬ್ಬನಿಗೆ ಹೋಯ್ತಾ?"

ಡ್ರೈವರ್ ಆಕಾಶ ನೋಡಿದ. "ಹದಿನಾಲ್ಕನೇದು ಸಿಕ್ತು ಅಂತ ಇಟ್ಕೋಬಾರ್ದಾ?"

"ಇದು ಹದಿನೈದನೇದು," ಎಂದಳು ಅವಳು. ಸಿಟ್ಟಿನಿಂದ ಹೇಳಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ಹೆದರಿಕೆಯಾಯಿತು. ಮೂವತ್ತಾರು ವರ್ಷದ ಸಂಸಾರದಲ್ಲಿ ಬೈಗುಳವಿಲ್ಲದೆ ಸಿಕ್ಕಿಬಿದ್ದದ್ದು ಅದೇ ಮೊದಲು.

ಅಂದು ಸಂಜೆ ಅವಳು ಮನೆಯಲ್ಲಿ ಸಾಮಾನಿನ ಪೆಟ್ಟಿಗೆ ತೆರೆದು ಕೂತಳು. ಒಳಗೆ ಸ್ಪಂಜಿನಲ್ಲಿ ಹದಿನಾಲ್ಕು ಕುಳಿ, ಒಂದು ಖಾಲಿ. ಹಿಂದಿನ ದಿನ ಬೆಳಿಗ್ಗೆ ಇದರಿಂದ ಒಂದೊಂದೇ ತೆಗೆದು ಬಟ್ಟೆಯ ಮೇಲಿಟ್ಟದ್ದನ್ನು ನೆನಪಿಸಿಕೊಳ್ಳಲು ನೋಡಿದಳು. ಸ್ಲೇಟಿನ ಮೇಲೆ 14 ಬರೆದದ್ದು ನೆನಪಿದೆ. ಬಳಪ ಕಿರ್ರೆಂದದ್ದೂ ನೆನಪಿದೆ. ಎಣಿಸಿದ್ದು ನೆನಪಿಲ್ಲ. ಅಡುಗೆಮನೆಗೆ ಎದ್ದು ಹೋಗಿ, ಹಿಂದಿನ ವಾರ ಬಿಸಿನೀರಲ್ಲಿ ಸಾಮಾನು ತೊಳೆದ ತೊಟ್ಟಿ, ಒಣಹಾಕಿದ ಕಿಟಕಿ, ಅದರ ಕೆಳಗಿನ ಕಸದ ಡಬ್ಬಿ ನೋಡಿದಳು. ಕಸ ಒಯ್ಯುವವನು ಬಂದು ಹೋಗಿ ನಾಲ್ಕು ದಿನವಾಗಿತ್ತು. ಕೊನೆಗೆ ಹಿಟ್ಟಿನ ಡಬ್ಬಿಯ ಮುಂದೆ ನಿಂತಳು. ಬಹಳ ಹೊತ್ತು ಅದರ ಮುಚ್ಚಳ ತೆಗೆಯಲಿಲ್ಲ. ತೆಗೆದಾಗ ಒಳಗೆ ಹಿಟ್ಟೇ ಇತ್ತು.

ಆದರೂ ಆ ಕಟಕ್ ಶಬ್ದ ಕಿವಿಯಲ್ಲಿ ಸ್ಪಷ್ಟವಾಗಿತ್ತು. ಬೆರಳಿಗೆ ತಾಗಿದ ಹಲ್ಲಿನ ಅದುರು ಕೂಡ. ಕ್ಲಾಂಪು ಮೀನಿನ ಬಾಯಲ್ಲಿದ್ದರೆ ತನ್ನ ತಲೆ ಸರಿಯಿದೆ. ಮೀನಿನ ಬಾಯಲ್ಲಿ ಇಲ್ಲದಿದ್ದರೆ, ಇಲ್ಲದ ಕ್ಲಾಂಪನ್ನು ತಾನು ಎಣಿಸಿದ್ದೇನೆ, ಇಲ್ಲದ ಕ್ಲಾಂಪನ್ನು ಕೈಯಲ್ಲಿ ಹಿಡಿದಿದ್ದೇನೆ. ಆ ಕ್ಷಣ ಅವಳ ಮನಸ್ಸಿನಲ್ಲಿ ಒಂದು ಆಸೆ ಹಾವಿನ ಮರಿಯ ಹಾಗೆ ಹೆಡೆಯೆತ್ತಿತು: ಇರಲಿ, ಆ ಮೀನಿನ ಬಾಯಲ್ಲೇ ಇರಲಿ. ತಾನು ಏನನ್ನು ಬಯಸಿದೆ ಎಂದು ತಿಳಿದ ಕೂಡಲೇ ಸಿಸ್ಟರ್ ಕುರ್ಚಿ ಎಳೆದು ಕೂತುಬಿಟ್ಟಳು. ಒಂದು ಜೀವ ಹಸಿದು ಸಾಯಲಿ, ನನ್ನ ಲೆಕ್ಕ ಉಳಿಯಲಿ ಎಂದು ಮೂವತ್ತೊಂದು ವರ್ಷದಲ್ಲಿ ಯಾವ ಅಹಂಕಾರದ ಸರ್ಜನ್ನೂ ಅವಳೆದುರು ಅಂದಿರಲಿಲ್ಲ.

ಮೂರನೆಯ ಬೆಳಿಗ್ಗೆ ಮೆಟ್ಟಿಲ ಮೇಲೆ ಮೂವರೂ ಕೂತಿದ್ದರು. ಗಾಳಿ ಇರಲಿಲ್ಲ, ನೀರು ಒರೆಸಿಟ್ಟ ತಟ್ಟೆಯ ಹಾಗಿತ್ತು. ಕಾವಲಿನವನು ಮಾತಿಲ್ಲದೆ ಬ್ರೆಡ್ಡು ಮುರಿಯುತ್ತಿದ್ದ. ಅವನು ಮಾತಾಡದೆ ಅಷ್ಟು ಹೊತ್ತು ಇದ್ದದ್ದಕ್ಕೆ ಗುಡಿಸಿಲ ನಾಯಿ ಗಾಬರಿಯಾಗಿ ಎರಡು ಸಲ ಬಂದು ಅವನನ್ನು ಮೂಸಿ ಹೋಯಿತು.

ಬ್ರೆಡ್ಡಿನ ದೊಡ್ಡ ಚೂರೊಂದರ ಕೆಳಗೆ ನೀರು ಮೆಲ್ಲಗೆ ಕಂದು ಬಣ್ಣಕ್ಕೆ ತಿರುಗಿತು.

"ಬಂತು," ಎಂದ ಅವನು, ತುಟಿಯಲ್ಲೇ.

ಸಿಸ್ಟರ್ ಕೊನೆಯ ಮೆಟ್ಟಿಲಿಗಿಳಿದು ಮೊಣಕಾಲೂರಿದಳು. ಬಾಯಿ ಮೇಲೆ ಬಂತು. ಬಟ್ಟಲಿನಷ್ಟು ಅಗಲಕ್ಕೆ ತೆರೆಯಿತು, ಚೂರನ್ನು ಒಳಗೆಳೆದು ಮುಚ್ಚಿತು. ಮೂಲೆಯಲ್ಲಿ ನೀಲಿ ದಾರ ಜೋತಿತ್ತು, ಮೊನ್ನೆ ಕಂಡಷ್ಟೇ ಉದ್ದ. ಅದೇ ಮೀನು. ಇನ್ನೊಂದು ಚೂರು. ಮತ್ತೆ ತೆರೆಯಿತು, ಬಿಸಿಲು ನೇರ ಗಂಟಲಿಗೆ ಬಿತ್ತು. ಹಳೆಯ ಗಾಳ ಇದ್ದಲ್ಲೇ ಇತ್ತು. ಬೇರೆ ಏನೂ ಇರಲಿಲ್ಲ. ಮೂರನೆಯ ಚೂರನ್ನು ದೊಡ್ಡತ್ತೆ ಮೂಸಿ, ಹೆಸರಿಟ್ಟು, ತಿಂದಿತು.

"ಚೆನ್ನಾಗೇ ತಿಂತಾ ಇದೆ," ಎಂದ ಡ್ರೈವರ್. ದನಿ ಹಗುರಾಗಿತ್ತು. "ಎಲ್ಲೋ ನೀರಲ್ಲಿ ಕಳಚಿ ಬಿದ್ದಿರುತ್ತೆ ಕಣೇ. ತಳದಲ್ಲಿರುತ್ತೆ. ಮುಗೀತು."

"ಕಚ್ಚಿದ ಕ್ಲಾಂಪು ಕಳಚೋದಿಲ್ಲ." ಅವಳು ಏಳಲಿಲ್ಲ. "ನಾನದನ್ನ ಅವತ್ತು ತಂದೇ ಇರ್ಲಿಲ್ಲ. ಬರೀ ಕೈನ ಬಾಯೊಳಗೆ ಹಾಕಿದ್ದೆನೋ, ನೇರದ್ದನ್ನೇ ಹಾಕಿದ್ದೆನೋ. ಆ ಸದ್ದು ಅವತ್ತಿಂದಲ್ಲ, ಥಿಯೇಟರಿಂದು."

"ಅದಕ್ಕೇನೀಗ? ನಾನು ದಿನಾ ಕಳೀತೀನಿ."

"ನೀವು ಕಳೀತೀರಿ. ನಾನು ಇಲ್ಲದ್ದನ್ನ ಇದೆ ಅಂತ ಬರೆದೆ."

ಕಾವಲಿನವನು ನಾಯಿಗೆ ಏನೋ ಕೆಲಸವಿದೆ ಎನ್ನುವಂತೆ ಅದನ್ನು ಕರೆದುಕೊಂಡು ಗುಡಿಸಿಲ ಹಿಂದಕ್ಕೆ ಹೋದ. ಸಿಸ್ಟರ್ ನೀರು ನೋಡುತ್ತಲೇ ಗಂಡನಿಗೆ ಕೊನೆಯ ವಾರದ ಕ್ಲಾಂಪಿನ ಕತೆ ಹೇಳಿದಳು. ಕಿರಿಯ ನರ್ಸು ಹೇಳಿದ ಮಾತನ್ನು ಹೇಳಿದಳು. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯಲು ಹೆದರಿದ್ದನ್ನೂ ಹೇಳಿದಳು. ಡ್ರೈವರ್ ಕೈಯಲ್ಲಿದ್ದ ಬ್ರೆಡ್ಡನ್ನು ಹಿಸುಕಿ ಹಿಸುಕಿ ಮತ್ತೆ ಹಿಟ್ಟು ಮಾಡಿಬಿಟ್ಟಿದ್ದ.

"ಎರಡು ವರ್ಷದಿಂದ ಇದನ್ನ ಒಬ್ಳೇ ಇಟ್ಕೊಂಡಿದ್ಯಾ?"

"ನಿಮ್ಮ ಕೈಲಿ ಕೊಟ್ರೆ ಎಲ್ಲಿಡ್ತೀರೋ ಏನೋ."

ಅವನು ನಕ್ಕ. ನಗು ಅರ್ಧಕ್ಕೆ ನಿಂತಿತು. "ಡಾಕ್ಟರ ಹತ್ರ ಹೋಗೋಣ. ನಾನೇ ಕರ್ಕೊಂಡ್ ಹೋಗ್ತೀನಿ."

"ಹೋಗೋಣ. ಅವರು ಏನಂತಾರೆ ಅಂತ ನನಗೆ ಭಯ ಇದೆ."

"ನನಗೂ ಇದೆ," ಎಂದ ಡ್ರೈವರ್. ಆಂಬುಲೆನ್ಸ್ ಓಡಿಸುವಾಗ ಒಂದು ಸಿಗ್ನಲ್ಲಿಗೂ ಹೆದರದ ಮನುಷ್ಯ.

ಅವಳು ಎದ್ದು ತನ್ನ ಜಾಗಕ್ಕೆ ಹೋಗಿ ಹಸಿರು ಬಟ್ಟೆ ಹಾಸಿ, ಹೊಸ ಕ್ಲಾಂಪೊಂದನ್ನು ಬಿಟ್ಟು ಉಳಿದ ಸಾಮಾನು ಜೋಡಿಸಿದಳು. ಅವನು ಅಭ್ಯಾಸಬಲದಿಂದ ತನ್ನ ಹನ್ನೆರಡು ಮಾರಿನ ಗಡಿಯಲ್ಲೇ ನಿಂತ.

"ಬನ್ನಿ ಇಲ್ಲಿ," ಎಂದಳು. "ಥಿಯೇಟರಲ್ಲಿ ಒಬ್ರೇ ಎಣಿಸೋ ಪದ್ಧತಿ ಇಲ್ಲ. ಒಬ್ಬರು ಮುಟ್ಟಿ ತೋರಿಸ್ಬೇಕು, ಇನ್ನೊಬ್ಬರು ಬಾಯಿಬಿಟ್ಟು ಎಣಿಸ್ಬೇಕು. ಎರಡು ಕಣ್ಣಿಗೆ ಮೋಸ ಆದ್ರೂ ನಾಲ್ಕಕ್ಕೆ ಆಗ್ಬಾರ್ದು ಅಂತ. ಇಲ್ಲಿ ನಾನು ಒಬ್ಳೇ ಎಣಿಸ್ಕೊಂಡಿದ್ದೆ. ತಪ್ಪು ಅಲ್ಲೇ ಆಗಿದ್ದು."

"ನನ್ನ ನಂಬ್ತೀಯಾ?"

"ಇಲ್ಲ. ನನ್ನನ್ನೂ ನಂಬ್ತಿಲ್ಲ. ಅದಕ್ಕೇ ಇಬ್ರು ಬೇಕು."

ಅವನು ಬಂದು ಪಕ್ಕದಲ್ಲಿ ಕುಕ್ಕರಿಸಿದ. ಅವಳು ಎಡತುದಿಯಿಂದ ಒಂದೊಂದನ್ನೇ ಮುಟ್ಟುತ್ತ ಹೋದಳು, ಅವನು ಎಣಿಸುತ್ತ ಹೋದ. ಏಳರಲ್ಲಿ ಟೊಪ್ಪಿಗೆಯ ನೆನಪಾಗಿ ನಿಂತ. ಮತ್ತೆ ಮೊದಲಿನಿಂದ. ಎರಡನೆಯ ಸಲ ಆತುರಕ್ಕೆ ಅವಳ ಬೆರಳಿಗಿಂತ ಮುಂದೆ ಓಡಿ, ಇದ್ದ ಸಾಮಾನಿಗಿಂತ ಎರಡು ಹೆಚ್ಚು ಎಣಿಸಿದ. "ನಿಧಾನ. ನನ್ನ ಕೈ ನೋಡಿ," ಎಂದಳು. ಮೂರನೆಯ ಸಲ ಅವನು ಅವಳ ಕೈಯನ್ನು ನೋಡಿದ. ಒಂದೊಂದು ಸಾಮಾನಿನ ಮೇಲೂ ಬೆರಳು ನಿಲ್ಲುವ ತನಕ ಕಾದು, ಆಮೇಲೆ ಅಂಕಿ ಹೇಳಿದ.

"ಹದಿಮೂರು."

"ಹದಿಮೂರು," ಎಂದಳು ಸಿಸ್ಟರ್. ಹಳೆಯದನ್ನು ಒರೆಸಿ, ಬಳಪವನ್ನು ಅವನ ಕೈಗೆ ಕೊಟ್ಟಳು. ಅವನ ಅಕ್ಷರ ಕೋಳಿ ಕೆದರಿದ ಹಾಗಿತ್ತು. ಅವಳು ಬಹಳ ಹೊತ್ತು ಅದನ್ನು ನೋಡಿದಳು, ತಿದ್ದಲಿಲ್ಲ, ಗಾಳಕ್ಕೆ ಕೈ ಹಾಕಿದಳು.